ದುರ್ಗದ ನಡುಮಧ್ಯಾಹ್ನದಲ್ಲಿ ಇನ್‌ಫ್ರಾರೆಡ್ ಫೋಟೋ: ಎಲ್ಲಿಂದ ಶುರು ಮಾಡಲಿ?

ಏಳುಸುತ್ತು (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ಇನ್‌ಫ್ರಾರೆಡ್ ಫೋಟೋಗ್ರಫಿ (ಕೆಂಪಿನ ಆಚೆಯ, ಕಣ್ಣಿಗೆ ಕಾಣದ ಬೆಳಕಿನಲ್ಲಿ ಚಿತ್ರ ತೆಗೆಯೋದು) ಕಲಿಯಬೇಕು ಅಂತ ಬಹಳ ಆಸೆ ಇದೆ. ಮರ ಬೆಳ್ಳಗೆ, ಆಕಾಶ ಕಪ್ಪಗೆ ಇರುವ ಆ ಚಿತ್ರಗಳನ್ನು ನೋಡಿದಾಗಲೆಲ್ಲ ನಮ್ಮ ಕಲ್ಲಿನ ಕೋಟೆ ಹೀಗೆ ತೆಗೆದರೆ ಹೇಗೆ ಕಾಣಬಹುದು ಅನ್ನಿಸುತ್ತದೆ. ಬಂಡೆ, ಬುರುಜು, ನಡುವೆ ಆಲ, ಅರಳಿ. ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗುತ್ತದೆ?

ನನ್ನ ಹತ್ತಿರ ಕ್ಯಾನನ್ 1200ಡಿ ಇದೆ. ಜೊತೆಗೆ ಬಂದ 18-55 ಲೆನ್ಸ್ ಒಂದೇ. ಮಾವನವರು ಮೊದಲು ಸ್ಟುಡಿಯೋ ನಡೆಸುತ್ತಿದ್ದರು. ಅವರ ಯಾಶಿಕಾ ಟ್ವಿನ್ ಲೆನ್ಸ್ ಕ್ಯಾಮೆರಾ ಮನೆಯಲ್ಲಿದೆ. ಶಟರ್ ಈಗಲೂ ಸರಿಯಾಗಿ ಕೆಲಸ ಮಾಡುತ್ತದೆ.

ಕೇಳಬೇಕಾದ್ದು ಇಷ್ಟು. ಕ್ಯಾಮೆರಾ ಬಿಚ್ಚಿಸಿ ಬದಲಾಯಿಸಲೇಬೇಕಾ, ಅಥವಾ ಫಿಲ್ಟರ್ ಸಾಕಾ? ಇನ್‌ಫ್ರಾರೆಡ್ ಫಿಲ್ಮ್ ಈಗಲೂ ಸಿಗುತ್ತದಾ? ಯಾವ ಹೊತ್ತು, ಯಾವ ತಿಂಗಳು ಒಳ್ಳೆಯದು? ಖರ್ಚು ಜಾಸ್ತಿ ಮಾಡೋ ಸ್ಥಿತಿಯಲ್ಲಿಲ್ಲ. ತಿಳಿದವರು ಹೇಳಿ.

ಬಿಸಿಲುಗುದುರೆ (ದಾವಣಗೆರೆ)

ಬಿಚ್ಚಿಸೋದು ಆಮೇಲಿನ ಮಾತು. ಮೊದಲು ನಿಮ್ಮ ಕ್ಯಾಮೆರಾ ಎಷ್ಟು ಇನ್‌ಫ್ರಾರೆಡ್ ಒಳಗೆ ಬಿಡುತ್ತದೆ ನೋಡಿ. ರಾತ್ರಿ ಲೈಟ್ ಆರಿಸಿ, ಟಿವಿ ರಿಮೋಟನ್ನು ಲೆನ್ಸ್ ಕಡೆ ತಿರುಗಿಸಿ ಬಟನ್ ಒತ್ತಿ. ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ ನೇರವಾಗಿ ಕಾಣುವ ದೃಶ್ಯ) ರಿಮೋಟಿನ ಆ ಚಿಕ್ಕ ಬಲ್ಬ್ ನೇರಳೆ ಬಿಳುಪಲ್ಲಿ ಮಿನುಗುತ್ತದಾ? ಮಂಕಾಗಿ ಮಿನುಗಿದರೂ ಪರವಾಗಿಲ್ಲ. ಕೆಲಸ ನಡೆಯುತ್ತದೆ.

ಡಿಜಿಟಲ್ ಸೆನ್ಸರ್ ಸಿಲಿಕಾನ್‌ನದ್ದು. ಅದಕ್ಕೆ ಸುಮಾರು 1100 ನ್ಯಾನೋಮೀಟರ್ (ಬೆಳಕಿನ ತರಂಗದ ಉದ್ದ ಅಳೆಯುವ ಮಾಪನ) ತನಕ ಕಾಣಿಸುತ್ತದೆ. ನಮ್ಮ ಕಣ್ಣು 700ರ ಆಸುಪಾಸಿಗೆ ನಿಲ್ಲುತ್ತದೆ. ಆ ಹೆಚ್ಚಿನ ಬೆಳಕು ಬಂದರೆ ಸಾಮಾನ್ಯ ಫೋಟೋದ ಬಣ್ಣ ಕೆಡುತ್ತದೆ. ಹಾಗಾಗಿ ಕಂಪನಿಯವರು ಸೆನ್ಸರ್ ಮುಂದೆ ಅದನ್ನು ತಡೆಯುವ ಗಾಜು ಕೂರಿಸಿರುತ್ತಾರೆ. ನಾವು ಲೆನ್ಸಿಗೆ 720 ನ್ಯಾನೋಮೀಟರ್ ಫಿಲ್ಟರ್ (ಅದಕ್ಕಿಂತ ಉದ್ದದ ತರಂಗ ಮಾತ್ರ ಬಿಡುವ ಗಾಜು) ಹಾಕಿದಾಗ ಎರಡು ಗಾಜುಗಳೂ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಒಂದು ಕಣ್ಣಿಗೆ ಕಾಣುವ ಬೆಳಕನ್ನು ತಡೆಯುತ್ತದೆ, ಇನ್ನೊಂದು ಕಾಣದ ಬೆಳಕನ್ನು. ನಡುವೆ ಸೋರಿ ಬರುವಷ್ಟರಲ್ಲೇ ಚಿತ್ರ ಮಾಡಬೇಕು. ಎಕ್ಸ್‌ಪೋಷರ್ (ಶಟರ್ ತೆರೆದಿರುವ ಹೊತ್ತು) ಉದ್ದ ಆಗೋದು ಇದಕ್ಕೇ.

ನಿಮ್ಮ 18-55ಕ್ಕೆ 58 ಎಂಎಂ ಫಿಲ್ಟರ್ ಬೇಕು. ಹೋಯಾ ಆರ್72 ಹಳೆಯ, ನಂಬಿಕಸ್ಥ ಹೆಸರು. ಅಗ್ಗದ 720 ಫಿಲ್ಟರ್‌ಗಳೂ ಸಿಗುತ್ತವೆ. ಕಲಿಯೋಕೆ ಅವೂ ಸಾಕು. ಆದರೆ 'ಇನ್‌ಫ್ರಾರೆಡ್' ಅಂತ ಬರೆದು ಬರೀ ಗಾಢ ಕೆಂಪು ಗಾಜು ಮಾರುವವರಿದ್ದಾರೆ. ಮನೆಯೊಳಗೆ ಟ್ಯೂಬ್‌ಲೈಟ್ ಕಡೆ ಹಿಡಿದು ನೋಡಿ. ಟ್ಯೂಬ್ ಕೆಂಪಗೆ ಸಲೀಸಾಗಿ ಕಂಡರೆ ಅದು 720 ಅಲ್ಲ.

ತೆಗೆಯುವ ಕ್ರಮ ಹೇಳುತ್ತೇನೆ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ. ಫಿಲ್ಟರ್ ಇಲ್ಲದೆ ಫ್ರೇಮ್ ಕೂಡಿಸಿ, ಫೋಕಸ್ ಮಾಡಿ, ನಂತರ ಲೆನ್ಸನ್ನು ಮ್ಯಾನ್ಯುಯಲ್ ಫೋಕಸ್‌ಗೆ ಹಾಕಿ. ಆಮೇಲೆ ಫಿಲ್ಟರ್ ತಿರುಗಿಸಿ ಕೂರಿಸಿ. ನಿಮ್ಮ ಲೆನ್ಸಿನ ಮುಂಭಾಗ ಫೋಕಸ್ ಜೊತೆ ತಾನೂ ತಿರುಗುವ ಜಾತಿಯದ್ದಾದರೆ, ಒಂದು ಕೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೇ ಫಿಲ್ಟರ್ ಹಾಕಬೇಕು. ಇಲ್ಲದಿದ್ದರೆ ಮಾಡಿದ ಫೋಕಸ್ ಅಲ್ಲೇ ಹೋಗುತ್ತದೆ. ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಅನ್ನೋ ಸಂಖ್ಯೆ) 400, ಲೆನ್ಸಿನ ರಂಧ್ರ ಎಫ್/8 (ಸಂಖ್ಯೆ ಹೆಚ್ಚಿದಷ್ಟೂ ರಂಧ್ರ ಚಿಕ್ಕದು), ಮಧ್ಯಾಹ್ನದ ಬಿಸಿಲು. 15 ಸೆಕೆಂಡಿನಿಂದ ಶುರು ಮಾಡಿ. 30ರ ತನಕ ಹೋಗಬೇಕಾಗಬಹುದು. ಹಿಂದಿನ ವ್ಯೂಫೈಂಡರ್ ಕಿಂಡಿಗೆ ಕಪ್ಪು ಬಟ್ಟೆ ಮುಚ್ಚಿ. ಅಷ್ಟು ಉದ್ದದ ಎಕ್ಸ್‌ಪೋಷರ್‌ನಲ್ಲಿ ಬಿಸಿಲು ಹಿಂದಿನಿಂದ ನುಗ್ಗಿ ಚಿತ್ರದ ಮೇಲೆ ಪಟ್ಟೆ ಬೀಳುತ್ತದೆ.

ಇನ್‌ಫ್ರಾರೆಡ್ ಬೆಳಕು ಲೆನ್ಸ್‌ನಲ್ಲಿ ಸ್ವಲ್ಪ ಹಿಂದೆ ಫೋಕಸ್ ಆಗುತ್ತದೆ. ಹಳೆ ಮ್ಯಾನ್ಯುಯಲ್ ಲೆನ್ಸ್‌ಗಳಲ್ಲಿ ಅದಕ್ಕಂತಲೇ ಕೆಂಪು ಚುಕ್ಕೆಯೋ 'ಆರ್' ಅಕ್ಷರವೋ ಇರುತ್ತದೆ. ನಿಮ್ಮದರಲ್ಲಿ ಇಲ್ಲ. 18 ಎಂಎಂ ಕಡೆ ಎಫ್/8, ಎಫ್/11 ಇಟ್ಟರೆ ಆ ವ್ಯತ್ಯಾಸ ಮುಚ್ಚಿಹೋಗುತ್ತದೆ. ಎಫ್/16, ಎಫ್/22ಕ್ಕೆ ಹೋಗಬೇಡಿ. ಇನ್‌ಫ್ರಾರೆಡ್‌ನ ತರಂಗ ಉದ್ದ, ಹಾಗಾಗಿ ಸಣ್ಣ ರಂಧ್ರದಲ್ಲಿ ಚಿತ್ರ ಬೇಗ ಮೆತ್ತಗಾಗುತ್ತದೆ. ಕೆಲವು ಲೆನ್ಸ್‌ಗಳಲ್ಲಿ ಚಿತ್ರದ ಮಧ್ಯೆ ಬೆಳ್ಳನೆ ಮಚ್ಚೆ ಬೀಳುತ್ತದೆ. ಅದನ್ನು ಹಾಟ್‌ಸ್ಪಾಟ್ ಅನ್ನುತ್ತಾರೆ. ರಂಧ್ರ ಚಿಕ್ಕದಾದಷ್ಟೂ ಅದು ಎದ್ದು ಕಾಣುತ್ತದೆ. ದುಬಾರಿ ಲೆನ್ಸಿಗೂ ಇದು ಬರಬಹುದು, ಅಗ್ಗದ ಕಿಟ್ ಲೆನ್ಸಿಗೆ ಬರದೆಯೂ ಇರಬಹುದು.

ಲ್ಯಾಬ್ ಮೇಷ್ಟ್ರು (ಹೊಳಲ್ಕೆರೆ)

ಎಲೆ ಬೆಳ್ಳಗಾಗೋದು ಯಾಕೆ ಅಂತ ತಿಳಿದರೆ ಎಲ್ಲಿ ಕ್ಯಾಮೆರಾ ಇಡಬೇಕು ಅಂತಲೂ ತಿಳಿಯುತ್ತದೆ. ಅದಕ್ಕೆ ಸ್ವಲ್ಪ ವಿಜ್ಞಾನ.

1800ರಲ್ಲಿ ವಿಲಿಯಂ ಹರ್ಶೆಲ್ ಪ್ರಿಸಂನಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡಿದರು. ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲಿ ಇಟ್ಟ ಥರ್ಮಾಮೀಟರ್ ಕೂಡ ಏರಿತು. ಅಲ್ಲಿ ಬೆಳಕಿದೆ ಅಂತ ಗೊತ್ತಾಗಿದ್ದು ಹಾಗೆ. 1910ರಲ್ಲಿ ಅಮೆರಿಕದ ರಾಬರ್ಟ್ ವುಡ್ ಆ ಬೆಳಕಿನಲ್ಲಿ ತೆಗೆದ ಭೂದೃಶ್ಯಗಳನ್ನು ಪ್ರಕಟಿಸಿದರು. ಬೆಳ್ಳನೆ ಎಲೆಗೆ 'ವುಡ್ ಎಫೆಕ್ಟ್' ಅನ್ನುವ ಹೆಸರು ಅವರಿಂದ ಬಂದದ್ದು.

ಪತ್ರಹರಿತ್ತು ಕೆಂಪು, ನೀಲಿ ಬೆಳಕನ್ನು ಕುಡಿಯುತ್ತದೆ. 700 ನ್ಯಾನೋಮೀಟರ್ ದಾಟಿದ ಕೂಡಲೇ ಅದು ಏನನ್ನೂ ಹೀರದೆ ಬಿಟ್ಟುಬಿಡುತ್ತದೆ. ಎಲೆಯೊಳಗೆ ಕೋಶಗಳ ನಡುವೆ ಗಾಳಿಯ ಸಂದುಗಳಿವೆ. ಬೆಳಕು ಅಲ್ಲಿ ಸಿಕ್ಕಾಪಟ್ಟೆ ಚದುರಿ, ಹೆಚ್ಚುಕಮ್ಮಿ ಅರ್ಧದಷ್ಟು ಹೊರಗೆ ಬರುತ್ತದೆ. ಕಲ್ಲುಸಕ್ಕರೆ ಹರಳು ಪಾರದರ್ಶಕ, ಕುಟ್ಟಿದರೆ ಬಿಳಿ ಪುಡಿ ಆಗುತ್ತದಲ್ವಾ? ಇಲ್ಲಿ ಆಗೋದೂ ಅದೇ.

ಆಕಾಶ ಕಪ್ಪಾಗೋದಕ್ಕೆ ಕಾರಣ ಬೇರೆ. ಗಾಳಿಯ ಕಣಗಳು ಚಿಕ್ಕ ತರಂಗವನ್ನು ಜಾಸ್ತಿ ಚದುರಿಸುತ್ತವೆ. ತರಂಗದ ಉದ್ದದ ನಾಲ್ಕನೇ ಘಾತಕ್ಕೆ ತಕ್ಕಂತೆ ಚದುರುವಿಕೆ ಕಡಿಮೆಯಾಗುತ್ತದೆ. ಲೆಕ್ಕ ಹಾಕಿದರೆ 450ರ ನೀಲಿಗಿಂತ 800ರ ಇನ್‌ಫ್ರಾರೆಡ್ ಸುಮಾರು 10 ಪಟ್ಟು ಕಡಿಮೆ ಚದುರುತ್ತದೆ. ಆಕಾಶದಿಂದ ಬರುವ ಬೆಳಕೇ ಇಲ್ಲ ಅಂದಮೇಲೆ ಆಕಾಶ ಕಪ್ಪು, ಆಕಾಶವನ್ನು ಪ್ರತಿಫಲಿಸುವ ನೀರೂ ಕಪ್ಪು, ಆಕಾಶದಿಂದಲೇ ತುಂಬಬೇಕಾದ ನೆರಳೂ ಕಪ್ಪು. ಮೋಡ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ, ಅದರ ಹನಿಗಳು ದೊಡ್ಡವು. ಹೊಲದ ಧೂಳಿನ ಕಣವೂ ದೊಡ್ಡದು. ಬೇಸಿಗೆಯ ಧೂಳು ತುಂಬಿದ ದಿನ ಇನ್‌ಫ್ರಾರೆಡ್ ದೂರದ ಗುಡ್ಡವನ್ನು ಸ್ವಚ್ಛವಾಗಿ ತೋರಿಸುತ್ತದೆ ಅಂತ ಕಾಯಬೇಡಿ. ಮಳೆ ಬಂದು ತೊಳೆದ ಮಾರನೇ ದಿನ ತೋರಿಸುತ್ತದೆ.

ಇನ್ನೊಂದು. ಇದು ಶಾಖದ ಫೋಟೋ ಅಲ್ಲ. ನಮ್ಮ ಮೈಯ ಬಿಸಿಯಿಂದ ಹೊರಡುವ ಕಿರಣ 10,000 ನ್ಯಾನೋಮೀಟರ್ ಸುತ್ತ ಇರುತ್ತದೆ. ಅದಕ್ಕೆ ಥರ್ಮಲ್ ಕ್ಯಾಮೆರಾನೇ ಬೇಕು. ನಾವು ತೆಗೆಯೋದು ಸೂರ್ಯನಿಂದ ಬಂದು ಎಲೆಗೆ ಬಡಿದು ತಿರುಗಿದ ಬೆಳಕು.

ಕೋಟೆಯಲ್ಲಿ ಇದರಿಂದ ಏನಾಗುತ್ತದೆ ನೋಡಿ. ಬಂಡೆಯಲ್ಲಿ ಪತ್ರಹರಿತ್ತು ಇಲ್ಲ. ಅದು ಬೂದು ಬೂದಾಗಿಯೇ ಇರುತ್ತದೆ. ಗೋಡೆಯ ಸಂದಿಯಲ್ಲಿ ಹುಟ್ಟಿದ ಅರಳಿ ಸಸಿ, ಬುರುಜಿನ ಬುಡದ ಹುಲ್ಲು ಮಾತ್ರ ಹೊತ್ತಿಕೊಂಡ ಹಾಗೆ ಬೆಳಗುತ್ತವೆ. ಬರಿಗಣ್ಣಿಗೆ ಬರೀ ಕಲ್ಲು ಅನ್ನಿಸುವ ಗೋಡೆಯಲ್ಲಿ ಎಷ್ಟು ಜೀವ ಇದೆ ಅಂತ ಆ ಚಿತ್ರ ತೋರಿಸುತ್ತದೆ. ನನಗಂತೂ ಇನ್‌ಫ್ರಾರೆಡ್ ಇಷ್ಟ ಆಗೋದು ಇದಕ್ಕೇ. ಕೋಟೆಗೆ ಸುಮ್ನೆ ಕನಸಿನ ಬಣ್ಣ ಬಳಿಯೋದಕ್ಕಲ್ಲ.

ಗಾಳಿಗುಡ್ಡ (ಚಿತ್ರದುರ್ಗ)

ಮೇಷ್ಟ್ರ ಕೊನೆ ಮಾತು ಮನಸ್ಸಿಗೆ ಹಿಡಿಸಿತು.

ಎಲ್ಲರೂ ಮರೆಯುವ ಒಂದು ವಿಷಯ ಗಾಳಿ. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಜೋಗಿಮಟ್ಟಿ ಮೇಲೆ ಮಳೆಗಾಲದಲ್ಲಿ 20 ಸೆಕೆಂಡ್ ಶಟರ್ ತೆರೆದರೆ ಎಲೆಯೂ ಇಲ್ಲ, ಕೊಂಬೆಯೂ ಇಲ್ಲ, ಬಿಳಿ ಹೊಗೆ ಮಾತ್ರ. ಅದೂ ಚೆನ್ನಾಗಿ ಕಾಣಬಹುದು, ಕೆಳಗೆ ಚೂಪಾದ ಬಂಡೆ ಇದ್ದರೆ. ಎಲೆ ಎಲೆಯಾಗಿಯೇ ಬೇಕಂದ್ರೆ ಗುಡ್ಡದ ಮರೆಯ ಜಾಗ ಹುಡುಕಿ.

ಶುರು ಮಾಡೋಕೆ ನನ್ನ ಓಟು ಚಂದ್ರವಳ್ಳಿಗೆ. ದುರ್ಗದ ಗುಡ್ಡ, ಚೋಳಗುಡ್ಡ, ಕಿರುಬನಕಲ್ಲು ಸುತ್ತ ನಿಂತು ಗಾಳಿಯನ್ನು ಸಾಕಷ್ಟು ತಡೆಯುತ್ತವೆ. ಕೆರೆ ಇದೆ, ಬಂಡೆ ಇದೆ, ಮರ ಇದೆ. ಕಪ್ಪು, ಬೂದು, ಬಿಳಿ ಮೂರೂ ಒಂದೇ ಫ್ರೇಮಿನಲ್ಲಿ ಸಿಗುತ್ತವೆ.

ಕಾಲದ ವಿಷಯಕ್ಕೆ ಬಂದರೆ, ಮಳೆ ಹಿಡಿದ ಮೇಲೆ ದೀಪಾವಳಿ ತನಕ ಒಳ್ಳೆಯದು. ಯುಗಾದಿ ಹೊತ್ತಿಗೆ ಬೇವು, ಹೊಂಗೆ ಚಿಗುರಿದಾಗಲೂ ಚೆನ್ನ. ಫೆಬ್ರವರಿಯಲ್ಲಿ ಎಲೆ ಉದುರಿದ ಗುಡ್ಡಕ್ಕೆ ಹೋದರೆ ಏನೂ ಸಿಗೋದಿಲ್ಲ. ಹೊತ್ತು ಬೆಳಗ್ಗೆ 10ರಿಂದ ಮಧ್ಯಾಹ್ನ 3. ಬೇರೆ ಫೋಟೋಗ್ರಾಫರ್‌ಗಳು ಬಿಸಿಲು ಗಟ್ಟಿ ಅಂತ ಬ್ಯಾಗ್ ಮುಚ್ಚುವ ಹೊತ್ತೇ ನಮ್ಮದು. ಬಯಲುಸೀಮೆಯವರಿಗೆ ಇದಕ್ಕಿಂತ ಹೊಂದುವ ಹವ್ಯಾಸ ಇನ್ನೊಂದಿಲ್ಲ. ನೀರು, ಟೋಪಿ ಮರೀಬೇಡಿ.

ಏಳುಸುತ್ತು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಿಮೋಟ್ ಪರೀಕ್ಷೆ ಮಾಡಿದೆ. 1200ಡಿಯಲ್ಲಿ ಮಂಕಾಗಿ ಮಿನುಗುತ್ತದೆ. ಫೋನಿನ ಮುಂದಿನ ಕ್ಯಾಮೆರಾದಲ್ಲಿ ಇನ್ನೂ ಜೋರಾಗಿ ಕಾಣುತ್ತದೆ! ಯಾಶಿಕಾ ಬಗ್ಗೆ ಯಾರಾದರೂ ಹೇಳಿ. ಮಾವನವರು ಕೇಳುತ್ತಾ ಕೂತಿದ್ದಾರೆ, ನನಗಿಂತ ಅವರಿಗೇ ಆತುರ.

ಡಾರ್ಕ್‌ರೂಮ್ (ದಾವಣಗೆರೆ)

ಯಾಶಿಕಾ ಅಂದ ಕೂಡಲೇ ಬರೆಯಲೇಬೇಕಾಯಿತು. ಈ ಕೆಲಸಕ್ಕೆ ಟ್ವಿನ್ ಲೆನ್ಸ್ ಕ್ಯಾಮೆರಾ ತುಂಬಾ ಹೊಂದುತ್ತದೆ. ಎಸ್‌ಎಲ್‌ಆರ್‌ನಲ್ಲಿ ನೋಡೋದು, ತೆಗೆಯೋದು ಎರಡೂ ಒಂದೇ ಲೆನ್ಸಿನಲ್ಲಿ, ಹಾಗಾಗಿ ಫಿಲ್ಟರ್ ಹಾಕಿದರೆ ವ್ಯೂಫೈಂಡರ್ ಕತ್ತಲು. ಯಾಶಿಕಾದಲ್ಲಿ ನೋಡುವ ಲೆನ್ಸ್ ಮೇಲೆ, ತೆಗೆಯುವ ಲೆನ್ಸ್ ಕೆಳಗೆ. ಫಿಲ್ಟರ್ ಕೆಳಗಿನದಕ್ಕೆ ಮಾತ್ರ ಸಾಕು. ಮೇಲಿಂದ ನೋಡುತ್ತಾ ಆರಾಮಾಗಿ ಫ್ರೇಮ್ ಮಾಡಬಹುದು. ಬಹುತೇಕ ಯಾಶಿಕಾಗಳಿಗೆ ಬೇ-1 ಅನ್ನುವ ಚಿಕ್ಕ ಮೌಂಟ್ ಇದೆ. ಅದಕ್ಕೆ ಅಡಾಪ್ಟರ್ ರಿಂಗ್ ಸಿಗುತ್ತದೆ.

ಫಿಲ್ಮ್ ವಿಷಯ. ಹಳೆ ಲೇಖನಗಳಲ್ಲಿ ಹೊಗಳುವ ಕೊಡ್ಯಾಕ್ ಎಚ್‌ಐಇ 2007ರಲ್ಲೇ ನಿಂತಿತು. ಅದು 900 ನ್ಯಾನೋಮೀಟರ್ ತನಕ ನೋಡುತ್ತಿತ್ತು. ಬೆಳಕು ಹಿಂದಕ್ಕೆ ಚಿಮ್ಮದಂತೆ ತಡೆಯುವ ಪದರ ಅದಕ್ಕಿರಲಿಲ್ಲ. ಬಿಳಿ ಎಲೆಯ ಸುತ್ತ ಪ್ರಭೆ ಬರುತ್ತಿದ್ದದ್ದು ಆ ಕಾರಣಕ್ಕೆ, ಇನ್‌ಫ್ರಾರೆಡ್ ಆದ್ದರಿಂದಲ್ಲ. ಮರಗಳನ್ನು ಗುಲಾಬಿ ಕೆಂಪು ಮಾಡುವ ಏರೋಕ್ರೋಮ್ ಕೂಡ ಈಗ ತಯಾರಾಗುವುದಿಲ್ಲ. ಸೇನೆಯವರು ಆಕಾಶದಿಂದ ಮರೆಮಾಚಿದ ಜಾಗ ಪತ್ತೆ ಮಾಡೋಕೆ ಬಳಸುತ್ತಿದ್ದ ಜಾತಿಯ ಫಿಲ್ಮ್ ಅದು. ಹಳೆ ಸ್ಟಾಕ್ ಅಂತ ಹುಚ್ಚು ಬೆಲೆಗೆ ಮಾರುತ್ತಾರೆ, ಅದರ ಹಿಂದೆ ಬೀಳಬೇಡಿ.

ಈಗ ಎರಡು ಫಿಲ್ಮ್‌ಗಳ ಹೆಸರು ನೆನಪಿಟ್ಟರೆ ಸಾಕು. ರೋಲೈ ಇನ್‌ಫ್ರಾರೆಡ್ 400 ಸುಮಾರು 820 ನ್ಯಾನೋಮೀಟರ್ ತನಕ ನೋಡುತ್ತದೆ. ಇಲ್ಫರ್ಡ್ ಎಸ್‌ಎಫ್‌ಎಕ್ಸ್ 200 ಸುಮಾರು 740ಕ್ಕೆ ನಿಲ್ಲುತ್ತದೆ. ಎರಡೂ 35 ಎಂಎಂ ಮತ್ತು 120ರಲ್ಲಿ ಬರುತ್ತವೆ. ಯಾಶಿಕಾಗೆ 120 (ಅಗಲದ ರೋಲ್ ಫಿಲ್ಮ್) ಬೇಕು. ಆರ್72 ಫಿಲ್ಟರ್ ಜೊತೆ ರೋಲೈ ಎಲೆಯನ್ನು ಚೆನ್ನಾಗಿ ಬಿಳಿ ಮಾಡುತ್ತದೆ. ಎಸ್‌ಎಫ್‌ಎಕ್ಸ್ ಸ್ವಲ್ಪ ಸೌಮ್ಯ. ಯಾವುದಕ್ಕೂ 850 ಫಿಲ್ಟರ್ ಹಾಕಬೇಡಿ. ಫಿಲ್ಮ್ ಅಲ್ಲಿ ಕುರುಡು, ಖಾಲಿ ನೆಗೆಟಿವ್ ಬರುತ್ತದೆ.

ಡಬ್ಬಿ ಮೇಲೆ 400 ಅಂತ ಇದ್ದರೂ ಫಿಲ್ಟರ್ ಹಾಕಿದಾಗ ಐದಾರು ಸ್ಟಾಪ್ ಹೋಗುತ್ತದೆ (ಒಂದು ಸ್ಟಾಪ್ ಹೋದರೆ ಬೆಳಕು ಅರ್ಧ ಆಗುತ್ತದೆ). ಐಎಸ್‌ಒ 12 ಅಂತ ಲೆಕ್ಕ ಹಿಡಿಯಿರಿ. ಸನ್ನಿ 16 ನಿಯಮದಂತೆ (ಗಟ್ಟಿ ಬಿಸಿಲಲ್ಲಿ ಎಫ್/16 ಇಟ್ಟರೆ, ಒಂದನ್ನು ಐಎಸ್‌ಒ ಸಂಖ್ಯೆಯಿಂದ ಭಾಗಿಸಿದಷ್ಟು ಸೆಕೆಂಡ್ ಶಟರ್) ಎಫ್/16ಕ್ಕೆ 1/12 ಸೆಕೆಂಡ್, ಎಫ್/11ಕ್ಕೆ 1/25. ಯಾಶಿಕಾದಲ್ಲಿ ಹತ್ತಿರದ ಗುರುತು ಇಟ್ಟು, ಅಲ್ಲಿಂದ ಒಂದು ಸ್ಟಾಪ್, ಎರಡು ಸ್ಟಾಪ್ ಜಾಸ್ತಿ ಬೆಳಕು ಕೊಟ್ಟು ಇನ್ನೆರಡು ತೆಗೆಯಿರಿ. ರೋಲ್‌ನಲ್ಲಿ 12 ಫ್ರೇಮ್. ನಾಲ್ಕೇ ದೃಶ್ಯ, ಒಂದೊಂದಕ್ಕೂ ಮೂರು. ಯಾವ ದೃಶ್ಯಕ್ಕೆ ಯಾವ ಶಟರ್ ಅಂತ ಪುಸ್ತಕದಲ್ಲಿ ಬರೆದಿಡಿ. ಮುಂದಿನ ರೋಲ್‌ಗೆ ಆ ಪುಟವೇ ನಿಮ್ಮ ಮೀಟರ್. ಫಿಲ್ಟರ್ ಮೂಲಕ ಲೈಟ್ ಮೀಟರ್ ಓದಬೇಡಿ. ಮೀಟರಿನ ಕಣ್ಣು ಬೇರೆ, ಫಿಲ್ಮಿನ ಕಣ್ಣು ಬೇರೆ.

ಫೋಕಸ್‌ಗೆ ನಿಮ್ಮ ಯಾಶಿಕಾದಲ್ಲಿ ಕೆಂಪು ಗುರುತು ಇಲ್ಲದಿದ್ದರೆ ಹೀಗೆ ಮಾಡಿ. ದೂರದ ದೃಶ್ಯ ಫೋಕಸ್ ಮಾಡಿ, ಫೋಕಸ್ ತಿರುಗಿಸುವ ಗುಂಡಿಯನ್ನು ಹತ್ತಿರದ ಕಡೆ ಒಂದು ಕೂದಲೆಳೆ ತಿರುಗಿಸಿ. ಎಫ್/11 ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಲೋಡ್ ಮಾಡುವಾಗ ಎಚ್ಚರ ಇರಲಿ. ರೋಲೈ ಫಿಲ್ಮಿನ ಬೇಸ್ ಗಾಜಿನಷ್ಟು ತಿಳಿ. ಬಿಸಿಲಿನಲ್ಲಿ ತೆರೆದರೆ ಅಂಚಿನಿಂದ ಬೆಳಕು ಒಳಕ್ಕೆ ಹರಿದು ಫ್ರೇಮ್ ಹಾಳಾಗುತ್ತದೆ. ಮನೆಯೊಳಗಿನ ಕತ್ತಲೆ ಮೂಲೆಯೇ ಸರಿ. ಕ್ಯಾಮೆರಾ ಹಿಂದೆ ಫ್ರೇಮ್ ನಂಬರ್ ನೋಡುವ ಕೆಂಪು ಕಿಂಡಿ ಇದ್ದರೆ ಕಪ್ಪು ಟೇಪ್ ಅಂಟಿಸಿ. ಹಳೆ ಅಗ್ಫಾ ಕ್ಲಿಕ್ III ಥರದ ಡಬ್ಬಿ ಕ್ಯಾಮೆರಾಗಳಲ್ಲಿ ಈ ಕಿಂಡಿ ಇದೆ. ಸಾಮಾನ್ಯ ಫಿಲ್ಮಿಗೆ ಕೆಂಪು ಅಷ್ಟು ಅಪಾಯವಿಲ್ಲ. ಕೆಂಪು ನೋಡೋಕೇ ಮಾಡಿದ ಫಿಲ್ಮಿಗೆ ಅದೇ ಕಿಂಡಿ ವಿಷ.

ತೊಳೆಯೋದಕ್ಕೆ ಬೇರೆ ಕೆಮಿಕಲ್ ಬೇಡ. ಡಿ-76 ಅನ್ನುವ ಸಾಮಾನ್ಯ ಡೆವಲಪರ್ ಸಾಕು, ಸಮಯ ಫಿಲ್ಮಿನ ಡೇಟಾ ಶೀಟ್‌ನಲ್ಲಿರುತ್ತದೆ. ಆ ಸಮಯ 20 ಡಿಗ್ರಿಗೆ ಹೇಳಿರೋದು. ಏಪ್ರಿಲ್‌ನಲ್ಲಿ ದಾವಣಗೆರೆಯ ತೊಟ್ಟಿ ನೀರು 20 ಡಿಗ್ರಿ ಎಲ್ಲಿ ಬರಬೇಕು? ಬಕೆಟ್ ನೀರಿಗೆ ಐಸ್ ಹಾಕಿ, ಅದರಲ್ಲಿ ಡೆವಲಪರ್ ಬಾಟಲಿ ನಿಲ್ಲಿಸಿ, ಥರ್ಮಾಮೀಟರ್ ನೋಡಿಕೊಂಡು ಶುರು ಮಾಡಿ. ಫಿಕ್ಸರ್, ತೊಳೆಯುವ ನೀರು ಕೂಡ ಅದೇ ತಂಪಿನ ಆಸುಪಾಸಿನಲ್ಲಿರಲಿ. ತೆಗೆಯದ ರೋಲ್ ಫ್ರಿಜ್‌ನಲ್ಲಿಡಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಾತ್ರ ಬಿಡಬೇಡಿ.

ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ.

ಶಟರ್ ಸದ್ದು (ಹರಿಹರ)

ನನ್ನ ಅಭಿಪ್ರಾಯ ಬೇರೆ ಇದೆ. ಫಿಲ್ಟರ್, ಟ್ರೈಪಾಡ್, 30 ಸೆಕೆಂಡ್ ಅಂತ ಶುರು ಮಾಡಿದವರು ಬಹಳಷ್ಟು ಜನ ಬೇಸರವಾಗಿ ಬಿಟ್ಟುಬಿಡುತ್ತಾರೆ. ಹಳೆ ಕ್ಯಾಮೆರಾ ಒಂದನ್ನು ಕನ್ವರ್ಟ್ ಮಾಡಿಸಿದರೆ ಕೈಯಲ್ಲೇ ಹಿಡಿದು 1/200ರಲ್ಲಿ ತೆಗೆಯಬಹುದು. ಗಾಳಿಯ ತೊಂದರೆಯೂ ಇಲ್ಲ. ಹರಿಹರೇಶ್ವರನ ಗುಡಿ ಮುಂದೆ ಜನ ಓಡಾಡುವಾಗ ತೆಗೆಯಬೇಕು ಅಂದರೆ ಬೇರೆ ದಾರಿಯೇ ಇಲ್ಲ. ಜನರ ಮುಖ ಇನ್‌ಫ್ರಾರೆಡ್‌ನಲ್ಲಿ ಹಾಲಿನ ಹಾಗೆ ನುಣುಪಾಗಿ ಬರುತ್ತದೆ. ಕಪ್ಪು ಪಾಲಿಸ್ಟರ್ ಬಟ್ಟೆ ಎಷ್ಟೋ ಸಲ ತಿಳಿ ಬೂದಾಗುತ್ತದೆ. ಇವನ್ನೆಲ್ಲ ನೋಡಬೇಕಂದ್ರೆ ವೇಗ ಬೇಕು.

ಕನ್ವರ್ಟ್ ಅಂದರೆ ಸೆನ್ಸರ್ ಮುಂದಿನ ತಡೆಗಾಜು ತೆಗೆದು ಬೇರೆ ಗಾಜು ಕೂರಿಸೋದು. 590 ನ್ಯಾನೋಮೀಟರ್ ಗಾಜು ಹಾಕಿಸಿದರೆ ಎಲೆ ಹೊಂಬಣ್ಣ, 665 ನಡುವಿನದು, 720 ಎಲ್ಲರೂ ಬಳಸುವುದು, 850 ಪೂರ್ತಿ ಕಪ್ಪು ಬಿಳುಪು. ಫುಲ್ ಸ್ಪೆಕ್ಟ್ರಂ ಅಂತ ಬರೀ ತಿಳಿ ಗಾಜು ಹಾಕಿಸಿದರೆ ಬೇಕಾದ ಫಿಲ್ಟರ್ ಹೊರಗೆ ಲೆನ್ಸಿಗೆ ಹಾಕಿಕೊಳ್ಳಬಹುದು. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಆದರೆ ಇನ್ನೂ ಸುಖ. ಸೆನ್ಸರೇ ನೋಡಿ ಫೋಕಸ್ ಮಾಡೋದರಿಂದ ಫೋಕಸ್ ಸರಿಯುವ ಚಿಂತೆ ಇಲ್ಲ, ಪರದೆಯಲ್ಲಿ ಇನ್‌ಫ್ರಾರೆಡ್ ಚಿತ್ರವೇ ಕಾಣುತ್ತದೆ.

ಬಿಸಿಲುಗುದುರೆ

@ಶಟರ್ ಸದ್ದು, ಕನ್ವರ್ಟ್ ಮಾಡಿದ ಕ್ಯಾಮೆರಾದ ಸುಖ ಗೊತ್ತಿದೆ, ಅದನ್ನು ಅಲ್ಲಗಳೆಯೋದಿಲ್ಲ. ಆದರೆ ಇವರಿಗೆ ಇರೋದು ಒಂದೇ ಡಿಎಸ್‌ಎಲ್‌ಆರ್. ಅದನ್ನು ಬಿಚ್ಚಿಸಿದರೆ ಮನೆಯ ಮದುವೆ, ಮುಂಜಿಗೆ ಯಾವ ಕ್ಯಾಮೆರಾ? ಮೊದಲು ಒಂದು ಮಳೆಗಾಲ ಫಿಲ್ಟರ್‌ನಲ್ಲಿ ತೆಗೆಯಲಿ. ಈ ಬೆಳಕಿನ ಹುಚ್ಚು ಹಿಡಿದರೆ ಹಳೇ ಬಾಡಿ ಒಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಲಿ. ನಿಕಾನ್ ಡಿ70 ಥರದ ಹಳೆ ಕ್ಯಾಮೆರಾಗಳಲ್ಲಿ ತಡೆಗಾಜು ತೆಳುವು. ಬಿಚ್ಚದೆಯೇ ಬರೀ ಫಿಲ್ಟರ್‌ನಲ್ಲಿ ಕಡಿಮೆ ಸಮಯಕ್ಕೆ ಚಿತ್ರ ಬರುತ್ತದೆ.

ಮನೆಯಲ್ಲೇ ಸ್ಕ್ರೂಡ್ರೈವರ್ ಹಿಡಿಯುವವರಿಗೆ ಒಂದು ಮಾತು. ಫ್ಲ್ಯಾಶ್ ಇರುವ ಕ್ಯಾಮೆರಾದೊಳಗಿನ ಕೆಪಾಸಿಟರ್‌ನಲ್ಲಿ ಬ್ಯಾಟರಿ ತೆಗೆದ ಮೇಲೂ ನೂರಾರು ವೋಲ್ಟ್ ಉಳಿದಿರುತ್ತದೆ. ಹುಡುಗಾಟ ಅಲ್ಲ ಅದು. ಜೊತೆಗೆ, ಹೊಸ ಗಾಜಿನ ದಪ್ಪ ಹಳೆಯದಕ್ಕೆ ಹೊಂದದಿದ್ದರೆ ಫೋಕಸ್ ಶಾಶ್ವತವಾಗಿ ತಪ್ಪುತ್ತದೆ.

ಕಾಲೇಜು ಬೆಂಚ್ (ದಾವಣಗೆರೆ)

ಫಿಲ್ಟರ್ ಕೊಳ್ಳೋಕೂ ದುಡ್ಡಿಲ್ಲ ಅನ್ನೋ ನಮ್ಮಂಥ ವಿದ್ಯಾರ್ಥಿಗಳಿಗೆ ಏನಾದರೂ ದಾರಿ ಇದೆಯಾ? ಹಳೆ ಕಲರ್ ನೆಗೆಟಿವ್ ತುದಿಯನ್ನು ಫಿಲ್ಟರ್ ಮಾಡಬಹುದು ಅಂತ ಕೇಳಿದೆ.

ಲ್ಯಾಬ್ ಮೇಷ್ಟ್ರು

ಮಾಡಬಹುದು. ಕಲರ್ ನೆಗೆಟಿವ್‌ನ ಪೂರ್ತಿ ಬೆಳಕು ಬಿದ್ದು ತೊಳೆದ ಕಪ್ಪು ತುದಿ ಬೇಕು. ಎರಡು ಪದರ ಇಟ್ಟರೆ ಕಣ್ಣಿಗೆ ಕಾಣುವ ಬೆಳಕು ಬಹುಪಾಲು ನಿಲ್ಲುತ್ತದೆ, ಇನ್‌ಫ್ರಾರೆಡ್ ದಾಟುತ್ತದೆ. ಕಲರ್ ಫಿಲ್ಮ್‌ನಲ್ಲಿ ಕೊನೆಗೆ ಉಳಿಯೋದು ಬರೀ ಬಣ್ಣ. ಆ ಬಣ್ಣಗಳು ಇನ್‌ಫ್ರಾರೆಡ್‌ಗೆ ಪಾರದರ್ಶಕ. ಕಪ್ಪು ಬಿಳುಪು ನೆಗೆಟಿವ್ ಆಗೋದಿಲ್ಲ. ಅದರಲ್ಲಿರೋದು ಬೆಳ್ಳಿಯ ಕಣ, ಅದು ಎಲ್ಲವನ್ನೂ ತಡೆಯುತ್ತದೆ. ಚಿತ್ರ ಸ್ವಲ್ಪ ಮಂಜಾಗಿರುತ್ತದೆ, ಆದರೆ ತತ್ವ ಅರ್ಥವಾಗೋಕೆ ಸಾಕು. ಕಾಲೇಜಿನಲ್ಲಿ ರಾಸ್ಪ್‌ಬೆರಿ ಪೈ (ಅಂಗೈಯಷ್ಟು ಚಿಕ್ಕ ಕಂಪ್ಯೂಟರ್) ಇದ್ದರೆ ಅದಕ್ಕೆ ತಡೆಗಾಜು ಇಲ್ಲದ 'ನೋಐಆರ್' ಕ್ಯಾಮೆರಾ ಬರುತ್ತದೆ. ಆ ನೆಗೆಟಿವ್ ತುಂಡನ್ನು ಅದರ ಮುಂದಿಟ್ಟು ನೋಡಿ.

ಇದೇ ಕಾರಣಕ್ಕೆ ಒಂದು ಗಂಭೀರ ಎಚ್ಚರಿಕೆ. ದಯವಿಟ್ಟು ಎಲ್ಲರೂ ಓದಿ. ಈ ನೆಗೆಟಿವ್ ತುಂಡಿನಿಂದಾಗಲಿ, 720 ಫಿಲ್ಟರ್‌ನಿಂದಾಗಲಿ ಸೂರ್ಯನನ್ನು ನೋಡಬೇಡಿ. ಕಪ್ಪಗಿದೆ, ಕಣ್ಣು ಕುಕ್ಕೋದಿಲ್ಲ, ಹಾಗಾಗಿ ಸುರಕ್ಷಿತ ಅನ್ನಿಸುತ್ತದೆ. ಆದರೆ ಇನ್‌ಫ್ರಾರೆಡ್ ಪೂರ್ತಿ ಒಳಗೆ ಬರುತ್ತಿರುತ್ತದೆ. ಕತ್ತಲೆಗೆ ಪಾಪೆ ಬೇರೆ ಅಗಲವಾಗಿರುತ್ತದೆ. ರೆಟಿನಾಗೆ ನೋವು ತಿಳಿಯೋದಿಲ್ಲ, ಸುಟ್ಟದ್ದೂ ಗೊತ್ತಾಗೋದಿಲ್ಲ. ಗ್ರಹಣದ ದಿನ ಹಳೆ ನೆಗೆಟಿವ್ ಹಿಡಿದು ಸೂರ್ಯನನ್ನು ನೋಡುವ ಅಭ್ಯಾಸ ನಮ್ಮ ಊರುಗಳಲ್ಲಿ ಇನ್ನೂ ಇದೆ. ಮಕ್ಕಳಿಗೆ ತಿಳಿಸಿ ಹೇಳಿ.

ತೋಟದ ಮನೆ (ಚನ್ನಗಿರಿ)

ಫೋಟೋಗ್ರಫಿ ಅಷ್ಟಾಗಿ ಗೊತ್ತಿಲ್ಲ, ಓದ್ತಾ ಬಂದೆ. ಎಲೆ ಆರೋಗ್ಯವಾಗಿದ್ದರೆ ಬಿಳಿ ಅಂತಾದ್ರೆ, ಅಡಿಕೆ ಮರಕ್ಕೆ ರೋಗ ಬಂದದ್ದು ಮೊದಲೇ ತಿಳಿಯಬಹುದಾ? ತೋಟದ ಒಂದು ಕಡೆ ಗರಿ ಹಳದಿಯಾಗುತ್ತಿದೆ.

ಲ್ಯಾಬ್ ಮೇಷ್ಟ್ರು

ಒಳ್ಳೆ ಪ್ರಶ್ನೆ. ಉಪಗ್ರಹಗಳು ಮಾಡೋದು ಇದನ್ನೇ. 1988ರ ಮಾರ್ಚ್‌ನಲ್ಲಿ ಹಾರಿದ ನಮ್ಮ ಐಆರ್‌ಎಸ್-1ಎ ಉಪಗ್ರಹದಲ್ಲೇ 770ರಿಂದ 860 ನ್ಯಾನೋಮೀಟರ್‌ನ ಇನ್‌ಫ್ರಾರೆಡ್ ಕಣ್ಣು ಇತ್ತು. ಬೆಳೆ, ಕಾಡು ಕೆಂಪಗೆ ಕಾಣುವ ಉಪಗ್ರಹ ನಕ್ಷೆ ನೋಡಿದ್ದೀರಲ್ಲ, ಆ ಕೆಂಪು ಇನ್‌ಫ್ರಾರೆಡ್‌ಗೆ ಕೊಟ್ಟ ಬಣ್ಣ.

ಆದರೆ ಅಲ್ಲಿ ಇನ್‌ಫ್ರಾರೆಡ್ ಒಂದನ್ನೇ ನೋಡುವುದಿಲ್ಲ. ಜೊತೆಗೆ ಕೆಂಪು ಬೆಳಕನ್ನೂ ಅಳೆಯುತ್ತಾರೆ. ಇನ್‌ಫ್ರಾರೆಡ್‌ನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸುತ್ತಾರೆ. ಅದಕ್ಕೆ ಎನ್‌ಡಿವಿಐ ಅಂತ ಹೆಸರು. ಬರೀ 720ರ ಒಂದು ಫೋಟೋದಲ್ಲಿ ಎಲೆ ಮಂಕಾಗಿದ್ದರೆ ರೋಗವೂ ಇರಬಹುದು, ನೆರಳೂ ಇರಬಹುದು, ಗರಿ ತಿರುಗಿದ ಕೋನವೂ ಇರಬಹುದು. ಯಾವ ರೋಗ ಅಂತ ಅದು ಹೇಳೋದಿಲ್ಲ. ನಿಮ್ಮ ಹಳದಿ ಗರಿಗೆ ಫೋಟೋ ಕಾಯಬೇಡಿ. ಮಣ್ಣು, ಬೇರು ತೋರಿಸಿ ಕೃಷಿ ವಿಜ್ಞಾನಿಗಳನ್ನು ಕೇಳಿ.

ಗಾಳಿಗುಡ್ಡ

ಚನ್ನಗಿರಿ ಅಂದ ಕೂಡಲೇ ನೆನಪಾಯಿತು. ಸಂತೇಬೆನ್ನೂರಿನ ಪುಷ್ಕರಣಿ ಇನ್‌ಫ್ರಾರೆಡ್‌ಗೆ ಹೇಳಿ ಮಾಡಿಸಿದ ಜಾಗ. ನೀರು ಶಾಯಿಯಷ್ಟು ಕಪ್ಪಾಗುತ್ತದೆ, ನಡುವಿನ ಮಂಟಪ ಎದ್ದು ನಿಲ್ಲುತ್ತದೆ. ಕಲ್ಲು ಗಾಳಿಗೆ ಅಲ್ಲಾಡೋದಿಲ್ಲ, ನೀರಿನ ಅಲೆ ಅಷ್ಟು ಹೊತ್ತಿನಲ್ಲಿ ಕಲೆತು ನುಣುಪಾಗಿಬಿಡುತ್ತದೆ, ಹಾಗಾಗಿ ಉದ್ದ ಎಕ್ಸ್‌ಪೋಷರ್‌ಗೂ ತೊಂದರೆ ಇಲ್ಲ. ಸೂಳೆಕೆರೆ ಕೂಡ ಹತ್ತಿರ. ಮೋಡ ಚದುರಿದ ದಿನ ಹೋಗಬೇಕು. ಪೂರ್ತಿ ಖಾಲಿ ಆಕಾಶ ಇದ್ದರೆ ಮೇಲರ್ಧ ಬರೀ ಕಪ್ಪು ಹಲಗೆ.

ಏಳುಸುತ್ತು

58 ಎಂಎಂ ಆರ್72 ಬಂತು! ಚಾವಣಿ ಮೇಲಿಂದ ಎದುರಿನ ಬೇವಿನ ಮರ ತೆಗೆದೆ. 25 ಸೆಕೆಂಡ್. ಚಿತ್ರ ಪೂರ್ತಿ ಕೆಂಪು. ಬಿಳಿ ಮರ ಎಲ್ಲಿ? ಲೈಟ್‌ರೂಮ್‌ನಲ್ಲಿ (ಫೋಟೋ ತಿದ್ದುವ ಸಾಫ್ಟ್‌ವೇರ್) ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯನ್ನು ಬಿಳಿಯಾಗಿ ತೋರಿಸುವ ಪಟ್ಟಿ, ಎಷ್ಟು ಎಳೆದರೂ ಕೆಂಪು ಹೋಗುತ್ತಿಲ್ಲ.

ಬಿಸಿಲುಗುದುರೆ

ಕೆಂಪು ಬರಲೇಬೇಕು, ಅದು ಸರಿಯಾದ ಫೋಟೋದ ಲಕ್ಷಣ. ಸೆನ್ಸರಿನ ಕೆಂಪು ಚುಕ್ಕೆಗಳೇ 720ರ ಬೆಳಕನ್ನು ಜಾಸ್ತಿ ಹಿಡಿಯೋದು. ರಾ ಫೈಲ್‌ನಲ್ಲೇ (ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಇಟ್ಟ ಫೈಲ್) ತೆಗೆದಿದ್ದೀರಿ ಅಂದುಕೊಳ್ಳುತ್ತೇನೆ. ಜೆಪೆಗ್ ಆದರೆ ಅರ್ಧ ಮಾಹಿತಿ ಹೋಯಿತು ಅಂತಲೇ ಲೆಕ್ಕ.

ಲೈಟ್‌ರೂಮ್‌ನ ತಾಪಮಾನ ಪಟ್ಟಿ 2000 ಕೆಲ್ವಿನ್‌ಗೆ ನಿಲ್ಲುತ್ತದೆ. ಇನ್‌ಫ್ರಾರೆಡ್‌ಗೆ ಅದಕ್ಕಿಂತ ಕೆಳಗೆ ಇಳಿಯಬೇಕು. ಅಡೋಬಿಯವರದ್ದೇ ಡಿಎನ್‌ಜಿ ಪ್ರೊಫೈಲ್ ಎಡಿಟರ್ ಅನ್ನುವ ಉಚಿತ ಸಾಧನದಲ್ಲಿ ನಿಮ್ಮ ಕ್ಯಾಮೆರಾಗೆ ಪ್ರೊಫೈಲ್ ಮಾಡಿಕೊಂಡರೆ ದಾರಿ ಬಿಡುತ್ತದೆ. ಇಲ್ಲವೇ ರಾಥೆರಪಿ, ಡಾರ್ಕ್‌ಟೇಬಲ್ ಬಳಸಿ. ಎರಡೂ ಉಚಿತ. ಅದರಲ್ಲಿ ವೈಟ್ ಬ್ಯಾಲೆನ್ಸ್ ಪಿಕ್ಕರ್ (ಬಣ್ಣ ಆರಿಸುವ ಗುರುತು) ತೆಗೆದುಕೊಂಡು ಎಲೆಯ ಮೇಲೆ ಒತ್ತಿ. ಎಲೆ ಬಿಳಿಯಾಗುತ್ತದೆ, ಆಕಾಶ ಕಂದು ತಾಮ್ರದ ಬಣ್ಣಕ್ಕೆ ತಿರುಗುತ್ತದೆ.

ಆಕಾಶ ನೀಲಿ ಬೇಕಾದರೆ ಕೆಂಪು, ನೀಲಿ ಚಾನೆಲ್ ಅದಲು ಬದಲು ಮಾಡಬೇಕು. ಜಿಂಪ್‌ನಲ್ಲಿ (ಇದೂ ಫೋಟೋ ತಿದ್ದುವ ಸಾಫ್ಟ್‌ವೇರ್) ಮೆನುವಿನ ದಾರಿ ಕಲರ್ಸ್, ಕಾಂಪೊನೆಂಟ್ಸ್, ಚಾನೆಲ್ ಮಿಕ್ಸರ್. ಕೆಂಪಿನ ಸಾಲಿನಲ್ಲಿ ಕೆಂಪು ಸೊನ್ನೆ, ನೀಲಿ 1. ನೀಲಿಯ ಸಾಲಿನಲ್ಲಿ ನೀಲಿ ಸೊನ್ನೆ, ಕೆಂಪು 1. ಫೋಟೋಶಾಪ್‌ನಲ್ಲಿ 1ರ ಬದಲು 100. ಅಷ್ಟೇ.

ಮುಂದಿನ ಸಲ ತೆಗೆಯುವಾಗ ಕ್ಯಾಮೆರಾದ ಪಿಕ್ಚರ್ ಸ್ಟೈಲ್ ಮೊನೋಕ್ರೋಮ್‌ಗೆ ಇಡಿ. ರಾ ಫೈಲ್‌ಗೆ ಏನೂ ಆಗೋದಿಲ್ಲ, ಪರದೆಯಲ್ಲಿ ಮಾತ್ರ ಕಪ್ಪು ಬಿಳುಪು ಕಾಣುತ್ತದೆ. ಹಿಸ್ಟೋಗ್ರಾಂ (ಬೆಳಕು ಎಷ್ಟೆಷ್ಟು ಬಿದ್ದಿದೆ ಅಂತ ತೋರಿಸುವ ನಕ್ಷೆ) ನೋಡೋಕೆ ಮಾತ್ರ ಸ್ಟೈಲನ್ನು ಬಣ್ಣಕ್ಕೆ ಮರಳಿಸಿ ಒಂದು ತೆಗೆದು, ಕೆಂಪಿನದ್ದನ್ನು ಬೇರೆಯಾಗಿ ನೋಡಿ. ಕೆಂಪು, ಹಸಿರು, ನೀಲಿ ಮೂರರಲ್ಲಿ ಬೆಳಕು ಹೆಚ್ಚಾಗಿ ಮೊದಲು ಒಡೆಯೋದು ಅದೇ. ಅದು ಒಡೆದರೆ ಎಲೆಯ ವಿವರ ವಾಪಸ್ ಬರೋದಿಲ್ಲ.

ಕೋಟೆಗೆ ಮಾತ್ರ ನನ್ನ ಆಯ್ಕೆ ಕಪ್ಪು ಬಿಳುಪು. ಆ ಬಂಡೆಗಳ ಮೇಲೆ ತಿಳಿ ನೀಲಿ, ಹಳದಿ ಹಾಕಿದರೆ ಕಲ್ಲಿನ ತೂಕ ಹೋಗಿಬಿಡುತ್ತದೆ.

ಶಟರ್ ಸದ್ದು

ಇದೊಂದು ವಿಷಯದಲ್ಲಿ ನಾನೂ ಒಪ್ಪುತ್ತೇನೆ. ಬಣ್ಣ ಬೇಕಾದರೆ ದಾವಣಗೆರೆಯ ಕುಂದವಾಡ ಕೆರೆ, ಗಾಜಿನ ಮನೆ ಕಡೆ ಬನ್ನಿ. ಅಲ್ಲಿಗೆ ಹೊಂದುತ್ತದೆ.

ಏಳುಸುತ್ತು

ಬಂತು! ಬೇವಿನ ಮರ ಹಿಮ ಬಿದ್ದ ಹಾಗಿದೆ. ಮಾವನವರಿಗೆ ತೋರಿಸಿದೆ. ಒಂದು ಮಾತೂ ಆಡದೆ ಹೋಗಿ ಯಾಶಿಕಾ ಒರೆಸುತ್ತಾ ಕೂತರು. ರೋಲೈ ಎರಡು ರೋಲ್ ಆರ್ಡರ್ ಮಾಡಿದ್ದೇವೆ. ಕೋಟೆಯೊಳಗೆ ಟ್ರೈಪಾಡ್ ಬಿಡುತ್ತಾರಾ?

ಗಾಳಿಗುಡ್ಡ

ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಕೈಯಲ್ಲಿ ಹಿಡಿದು ತೆಗೆಯೋಕೆ ಯಾರೂ ಏನೂ ಅನ್ನೋದಿಲ್ಲ. ಟ್ರೈಪಾಡ್‌ಗೆ ಮೊದಲೇ ಅನುಮತಿ ಪತ್ರ ಬೇಕು. ಅರ್ಜಿ ಈಗಲೇ ಹಾಕಿಡಿ. ಅಲ್ಲಿ ತನಕ ಹೊರಗಿನಿಂದ, ಬಂಡೆ ಗುಡ್ಡ ಪೂರ್ತಿ ಕಾಣುವ ಕಡೆಯಿಂದ ತೆಗೆಯಬಹುದು.

ಈ ಭಾನುವಾರ ನಾನು ಬಿಡುವಾಗಿದ್ದೇನೆ. ಚಂದ್ರವಳ್ಳಿ ಕಡೆ ಹೋಗೋಣ, 11 ಗಂಟೆಗೆ ಸಿಗಿ. ಮಾವನವರನ್ನೂ ಕರೆದುಕೊಂಡು ಬನ್ನಿ. ರೋಲ್ ಅಷ್ಟರಲ್ಲಿ ಬರದಿದ್ದರೂ ಪರವಾಗಿಲ್ಲ, ಜಾಗ ನೋಡಿಟ್ಟುಕೊಳ್ಳಬಹುದು.

ಡಾರ್ಕ್‌ರೂಮ್

ನಾನೂ ದಾವಣಗೆರೆಯಿಂದ ಬರುತ್ತೇನೆ. ಬೇ-1 ಅಡಾಪ್ಟರ್ ನನ್ನ ಹತ್ತಿರ ಒಂದು ಹೆಚ್ಚಿಗೆ ಇದೆ. ತರುತ್ತೇನೆ, ಯಾಶಿಕಾಗೆ ಕೂರುತ್ತದಾ ಅಲ್ಲೇ ನೋಡೋಣ.